ಊರಿನ ಮಾತಿಲ್ಲದ ಸಂಚಿಕೆ

ನಾವು ಹುಟ್ಟುಹಾಕಿದ ಪತ್ರಿಕೆ ಈಗಲೂ ಬರುತ್ತಿದೆ. ನಿಂತೇ ಹೋಗಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆ. ಬರುತ್ತಿದೆಯಲ್ಲ, ಅದೇ ನನ್ನ ಹೊಟ್ಟೆಉರಿ. ಹೊಸ ಸಂಚಿಕೆ ಸಿದ್ಧವಾದಾಗೆಲ್ಲ ಮೊಬೈಲಿಗೆ ಟಣ್ ಅಂತ ಒಂದು ಮೇಲ್ ಬರುತ್ತದೆ. ಮಂಡ್ಯದ ಗುತ್ತಲಿನ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ಕನ್ನಡಕ ಏರಿಸಿಕೊಂಡು ತೆರೆದು ನೋಡುತ್ತೇನೆ. ತಂತ್ರಜ್ಞಾನ ಮತ್ತು ರಾಜಕೀಯ ಅಂತ ನಾವು ಆರಿಸಿಕೊಂಡ ವಿಷಯ ಹಾಗೇ ಇದೆ, ಇಂಗ್ಲಿಷಿನಲ್ಲಿ. ಸಂಪಾದಕ ಮಂಡಳಿಯಲ್ಲಿ ನಾನು ಮುಖ ಕಾಣದವರ ಹೆಸರುಗಳು. ಲೇಖನಗಳ ತಲೆಬರಹ ಓದಿ ಮುಗಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮುಚ್ಚಿ ಒಳಗೆ ಹೋಗಿ ಕಾಫಿಗೆ ಇಡುತ್ತೇನೆ.

ನಾನು ಮಂಡ್ಯದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತಿಯಾದವಳು. ಪತ್ರಿಕೆ ಹುಟ್ಟಿದ್ದು ಒಂದು ಜಗಳದಿಂದ. ಚುನಾವಣೆ ಡ್ಯೂಟಿಯ ತರಬೇತಿಗೆ ಹೋಗಿದ್ದೆ. ವೋಟಿನ ಮೆಷಿನ್ ಹೇಗೆ ಜೋಡಿಸಬೇಕು ಅಂತ ತೋರಿಸಲು ಬಂದವರು ಮದ್ದೂರಿನ ಮೇಷ್ಟ್ರು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತಿದ್ದರು. ಊರ ನಾಟಕಗಳಲ್ಲಿ ಪಾತ್ರ ಮಾಡಿ ಪಳಗಿದ ಗಂಟಲು, ಮೈಕು ಬೇಡವೇ ಬೇಡ. ಊಟದ ಹೊತ್ತಿನಲ್ಲಿ ಪಲಾವಿನ ತಟ್ಟೆ ಹಿಡಿದುಕೊಂಡು ಮಾತಿಗೆ ಮಾತು ಬಂದು, "ಯಂತ್ರಕ್ಕೆ ಎಂತಾ ಪಾರ್ಟಿ ಮೇಡಮ್ಮೋರೆ? ಅದ್ಕೆ ಎಲ್ರೂ ಒಂದೇಯ," ಅಂದರು. ನನಗೆ ರೇಗಿತು. "ಯಂತ್ರಕ್ಕೆ ಪಾರ್ಟಿ ಇಲ್ಲದೆ ಇರಬಹುದು ಮೇಷ್ಟ್ರೇ, ಅದನ್ನ ಎಲ್ಲಿ ಇಡಬೇಕು, ಯಾವ ಕಡೆಗೆ ತಿರುಗಿಸಿ ಇಡಬೇಕು ಅನ್ನೋನಿಗೆ ಇರ್ತದಲ್ಲ! ಕಬ್ಬಿನ ಗಾಡಿ ತೂಕ ಹಾಕೋ ಕಡೆ ಹೋಗಿ, ಆ ಮೆಷಿನ್ ಯಾರ ಕೈಲಿದೆ ಅಂತ ನಿಂತು ನೋಡಿ," ಅಂದೆ. ಅವರು ತಟ್ಟೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಕೆಲವು ದಿನ ಬಿಟ್ಟು ಫೋನ್ ಬಂತು. "ನೋಡ್ಬಂದೆ. ನೀವೇಳಿದ್ದು ದಿಟ ಕಣ್ರೀ. ಇದರ ಮ್ಯಾಲೆ ಏನಾರ ಮಾಡ್ಬೇಕಲ್ಲ?"

ಅಷ್ಟೇ. ಅಲ್ಲಿಂದ ಶುರು.

ಮೂರನೆಯವಳು ನನ್ನ ಹಳೆಯ ವಿದ್ಯಾರ್ಥಿನಿ. ಹಲಗೂರಿನಿಂದ ಆಚೆ ಒಂದು ಹಳ್ಳಿಯವಳು, ಮಳವಳ್ಳಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಅನ್ನೋ ಮಾತು ಯಾರು ಹುಡುಕಿದರೋ ಪುಣ್ಯಾತ್ಮರು! ಮನೆಗೆ ಬಂದ ಅತಿಥಿಯನ್ನಾದರೂ ಇನ್ನೊಂದು ದಿನ ಇರಿ ಅನ್ನುತ್ತೇವೆ. ಇವಳನ್ನು ಪ್ರತಿ ವರ್ಷ ಕಳುಹಿಸಿಬಿಡುತ್ತಿದ್ದರು, ಮತ್ತೆ ಕರೆದರೆ ಕರೆದರು, ಇಲ್ಲದಿದ್ದರೆ ಇಲ್ಲ. ಖಾಯಂ ಕೆಲಸ ಒಂದೇ ಅವಳ ಬಾಳಿನ ಆಸೆ. ಅವ್ವನನ್ನು ಕೂಲಿ ಬಿಡಿಸಬೇಕು ಅಂತಿದ್ದಳು. ಬೇರೆ ಏನು ಮಾತಾಡಿದರೂ ಕಡೆಗೆ ಅಲ್ಲಿಗೇ ಬಂದು ನಿಲ್ಲುತ್ತಿದ್ದಳು.

ನಾವು ಮೂವರೂ ಸೇರುತ್ತಿದ್ದದ್ದು ಮದ್ದೂರಿನಲ್ಲಿ. ನಾನು ಮಂಡ್ಯದಿಂದ, ಅವಳು ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದರೆ ಮೇಷ್ಟ್ರು ಮನೆಯಿಂದ ಚಪ್ಪಲಿ ಎಳೆದುಕೊಂಡು ನಡೆದು ಬರುತ್ತಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಗೋಡೆ ಬದಿಯ ಟೇಬಲ್ಲು ನಮ್ಮದು. ಸಪ್ಲೈಯರು "ಬಂದ್ರಪ್ಪಾ ಪ್ರೆಸ್ಸೋರು" ಅಂತ ಹಾಸ್ಯ ಮಾಡುತ್ತಿದ್ದ. ಪತ್ರಿಕೆ ಕನ್ನಡದಲ್ಲೇ ಬರಬೇಕು, ಅಡಿಟಿಪ್ಪಣಿ, ಆಕರ, ಎಲ್ಲ ಕ್ರಮವಾಗಿರಬೇಕು, ಆದರೆ ಓದಿದವನಿಗೆ ತಲೆನೋವು ಬರಬಾರದು ಅಂತ ಮಾತಾಯಿತು. ನಾವು ದೊಡ್ಡ ಹೆಸರೊಂದು ಇಟ್ಟೆವು. ಹಳ್ಳಿಗಳಲ್ಲಿ ಅದನ್ನು ಯಾರೂ ಹೇಳಲಿಲ್ಲ. ಎಲ್ಲರ ಬಾಯಲ್ಲೂ ಅದು ಮೆಸಿನ್ ಬುಕ್ಕು ಅಂತಲೇ ಆಯಿತು.

ಮೇಷ್ಟ್ರು ಒಂದು ಕಟ್ಟುಪಾಡು ತಂದರು. ಯಾವ ಊರಿನ ವಿಷಯ ಬರೆದಿದ್ದೇವೋ ಆ ಊರಿನಲ್ಲಿ, ಆ ಜನದ ಎದುರು, ಅಚ್ಚಿಗೆ ಕೊಡುವ ಮುಂಚೆ ಲೇಖನ ಓದಬೇಕು. ಅವರು ಏನು ಹೇಳುತ್ತಾರೋ ಅದನ್ನು ಲೇಖನದ ಕೆಳಗೆ 'ಊರಿನ ಮಾತು' ಅಂತ ಹಾಕಬೇಕು. ಬೈದರೆ ಬೈದದ್ದನ್ನೇ ಹಾಕಬೇಕು. ಬರೆದವರು ಅದಕ್ಕೆ ಉತ್ತರ ಕೊಡುವ ಹಾಗಿಲ್ಲ. ಮೊದಲು ನಾನು ಮೂಗು ಮುರಿದೆ. ಪಾಂಡಿತ್ಯದ ಪತ್ರಿಕೆ ಅಂದರೆ ಹೀಗೆಲ್ಲ ಎಲ್ಲಾದರೂ ಉಂಟೇ? "ನಮ್ಮೂರ್ಗಳಲ್ಲಿ ನಾಟ್ಕ ಆಡೋಕ್ ಮುಂಚೆ ಊರೋರ ಮುಂದೆ ಪ್ರಾಕ್ಟೀಸ್ ಮಾಡ್ತೀವಿ. ತಪ್ಪಿದ್ರೆ ಅಲ್ಲೇ ಯೋಳ್ತಾರೆ. ಬರ್ಯೋದ್ ಏನ್ ಅದ್ಕಿಂತ ದೊಡ್ದಾ?" ಅಂದರು ಮೇಷ್ಟ್ರು. ನಾನು ಒಪ್ಪಿಕೊಂಡೆ.

ಮೊದಲ ಓದು ಆದದ್ದು ದುದ್ದದ ಕಡೆಯ ಒಂದು ಹಳ್ಳಿಯಲ್ಲಿ. ಡೈರಿಗೆ ಹಾಲಿನ ಗುಣಮಟ್ಟ ನೋಡುವ ಯಂತ್ರ ಬಂದ ಮೇಲೆ ಊರಿನ ರಾಜಕೀಯ ಹೇಗೆ ಬದಲಾಯಿತು ಅಂತ ಮೇಷ್ಟ್ರು ಬರೆದಿದ್ದರು. ಸಂಜೆ ಹಾಲು ಹಾಕಲು ಬಂದವರು ಕ್ಯಾನು ಪಕ್ಕಕ್ಕಿಟ್ಟು ಕಟ್ಟೆ ಮೇಲೆ ಕೂತರು. ಯಂತ್ರ ಬಂದ ಮೇಲೆ ಅಂಕಿ ಎಲ್ಲರ ಕಣ್ಣೆದುರೇ ಕಾಣುವುದರಿಂದ ಡೈರಿ ಕಾರ್ಯದರ್ಶಿಯ ದರ್ಬಾರು ಮುಗಿಯಿತು ಅಂತ ಮೇಷ್ಟ್ರು ಗಂಟಲು ಏರಿಸಿ ಓದಿದರು. ಹಿಂದಿನಿಂದ ಒಬ್ಬ ಎದ್ದು, "ಸಾ, ಒಳೀಕ್ ಬಂದು ನೋಡಿದ್ರಾ? ಅಂಕಿ ಕಾಣೋ ಮಖ ಅವ್ನ ಕಡೀಕ್ ತಿರುಗ್ಕಂಡದೆ. ನಮ್ಗೆ ಕಾಣೋದು ಮೆಸಿನ್ ಬೆನ್ನು," ಅಂದ. ಎಲ್ಲ ಹೋ ಅಂತ ನಕ್ಕರು. ಕಾರ್ಯದರ್ಶಿಯೂ ಪಾಪ ಒಳ್ಳೆಯವನೇ. ಅದನ್ನು ಹಾಗೆ ಇಟ್ಟದ್ದು ವೈರು ಅಷ್ಟುದ್ದ ಮಾತ್ರ ಇದ್ದದ್ದಕ್ಕೆ. ನಾಚಿಕೊಂಡು ಆಗಲೇ ಟೇಬಲ್ಲು ಎಳೆದು ತಿರುಗಿಸಿದ. ಹಿಂದೆ ಇದ್ದವನ ಮಾತು, ನಗು, ಟೇಬಲ್ಲು ಎಳೆದದ್ದು, ಎಲ್ಲವೂ ಸಂಚಿಕೆಯಲ್ಲಿ ಬಂತು. ಇನ್ನು ಯಾವ ಪತ್ರಿಕೆಯ ಲೇಖನ ಅಚ್ಚಿಗೆ ಮುಂಚೆಯೇ ಒಂದು ಟೇಬಲ್ಲು ಸರಿಸಿದೆಯೋ ನನಗೆ ಗೊತ್ತಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಮಕ್ಕಳ ಹಾಗೆ ಕುಣಿಯುತ್ತಿದ್ದರು. ಅವರ ಲೇಖನದ ಮುಖ್ಯ ವಾದವೇ ಬಿದ್ದು ಹೋಗಿತ್ತು. "ಬೀಳ್ಲಿ ಬುಡಿ ಮೇಡಮ್ಮೋರೆ, ಬಿದ್ದಿದ್ದೂ ಅಚ್ಚಾಯ್ತದಲ್ಲ!" ಅಂದರು.

ಹೀಗೆ ಕೆಲವು ವರ್ಷ ನಡೆಯಿತು. ನಾಲೆಯ ತೂಬಿಗೆ ಮೋಟಾರು ಕೂರಿಸಿದ್ದು, ಪಂಚಾಯ್ತಿ ವಾಟ್ಸಾಪ್ ಗುಂಪಿನಲ್ಲಿ ಯಾರಿದ್ದಾರೆ, ಯಾರಿಲ್ಲ ಅನ್ನುವುದು, ಮೊಬೈಲಿನಲ್ಲಿ ಬೆಳೆ ಫೋಟೋ ತೆಗೆಯುವ ಸರ್ವೆ, ಎಲ್ಲ ಬರೆದೆವು. ಎಲ್ಲ ಕಡೆ ಓದಿದೆವು. ಎಲ್ಲ ಕಡೆ ಬೈಸಿಕೊಂಡೆವು. ಮಂಡ್ಯದ ಜನ ಹೊಗಳಬೇಕಾದರೂ ಬೈದೇ ಹೊಗಳುವುದು. ಅದು ನನಗೆ ಮೈಗೆ ಹಿಡಿದುಹೋಗಿತ್ತು.

ಅಷ್ಟರಲ್ಲಿ ಪಟ್ಟಿ ಅನ್ನೋ ಶನಿ ಬಂತು.

ಕಾಲೇಜು ಮೇಷ್ಟ್ರುಗಳ ನೇಮಕಕ್ಕೆ, ಬಡ್ತಿಗೆ, ಮಾನ್ಯತೆ ಪಡೆದ ಪತ್ರಿಕೆಯಲ್ಲಿ ಬಂದ ಲೇಖನವೇ ಆಗಬೇಕು. ಮಾನ್ಯ ಪತ್ರಿಕೆ ಯಾವುದು ಅಂತ ಮೇಲಿನವರು ಒಂದು ಪಟ್ಟಿ ಮಾಡುತ್ತಾರೆ. ಪಟ್ಟಿಯಲ್ಲಿ ಇಲ್ಲದ್ದು ಲೆಕ್ಕಕ್ಕಿಲ್ಲ. ನಮ್ಮ ಪತ್ರಿಕೆ ಪಟ್ಟಿಯಲ್ಲಿ ಇರಲಿಲ್ಲ. ಹಲಗೂರಿನವಳು ನಮ್ಮಲ್ಲಿ ಎಷ್ಟೋ ಲೇಖನ ಬರೆದಿದ್ದಳು. ಒಂದು ಮಧ್ಯಾಹ್ನ ಮದ್ದೂರಿನ ಹೋಟೆಲಿನಲ್ಲಿ ತಿಂಡಿ ಮುಟ್ಟದೆ ಕೂತಿದ್ದವಳು, "ಮೇಡಂ, ನಾನ್ ಬರ್ದಿದ್ದೆಲ್ಲ ಸೊನ್ನೆಯಂತೆ," ಅಂದಳು. ಅಳಲಿಲ್ಲ. ಚಮಚವನ್ನು ತಿರುಗಿಸುತ್ತಾ ಕೂತಿದ್ದಳು, ಅಷ್ಟೆ.

ಅಳದವರನ್ನು ನೋಡಿ ಸುಮ್ಮನಿರುವುದು ಕಷ್ಟ. ನಾನು ಆಗಲೇ ಹೇಳಿಬಿಟ್ಟೆ: "ಹಾಗಾದರೆ ನಮ್ಮ ಪತ್ರಿಕೆಯನ್ನೇ ಪಟ್ಟಿಗೆ ಹತ್ತಿಸೋಣ ಕಣಮ್ಮ."

ಹತ್ತಿಸುವುದು ಅಂದರೆ ಏನು ಅಂತ ಆಮೇಲೆ ಗೊತ್ತಾಯಿತು. ಪತ್ರಿಕೆಗೆ ನೋಂದಣಿ ಸಂಖ್ಯೆ, ವೆಬ್‌ಸೈಟು, ಊರೂರಿನ ಪ್ರೊಫೆಸರುಗಳ ಮಂಡಳಿ ಬೇಕು. ಹೊರಗಿನವರೂ ಓದಬೇಕಲ್ಲ, ಹಾಗಾಗಿ ಇಂಗ್ಲಿಷ್ ಇರಲಿ ಅಂದರು. ಎಲ್ಲಕ್ಕಿಂತ ಮೇಲೆ, ಬರೆದವರು ಯಾರು ಅಂತ ಓದುವವರಿಗೆ ಗೊತ್ತಿರಬಾರದು, ಓದಿ ತೀರ್ಪು ಕೊಟ್ಟವರು ಯಾರು ಅಂತ ಬರೆದವರಿಗೆ ಗೊತ್ತಾಗಬಾರದು. ಇದರಲ್ಲಿ ನ್ಯಾಯ ಇದೆ ಅಂತ ನನಗೂ ಗೊತ್ತು. ನಾನೇನು ಕಣ್ಣುಮುಚ್ಚಿ ಬೈಯುವವಳಲ್ಲ. ಗುರುತು ಪರಿಚಯದ ಮೇಲೆ ಅಚ್ಚಾಗುವ ಕಸವನ್ನು ನಾನೂ ಸಾಕಷ್ಟು ನೋಡಿದ್ದೇನೆ. ಆದರೆ ಊರೋರ ಮುಂದೆ ನಿಂತು ಲೇಖನ ಓದಿದರೆ ಬರೆದವರ ಗುಟ್ಟು ಎಲ್ಲಿ ಉಳಿಯಿತು? ಹಾಗಾಗಿ ಆ ಪದ್ಧತಿ ಬಿಡಲೇಬೇಕಾಯಿತು.

ನಾನು ಮೇಷ್ಟ್ರಿಗೆ ಹೇಗೆ ಹೇಳಲಿ ಅಂತ ಒದ್ದಾಡುತ್ತಿದ್ದೆ. ಹೇಳಿದೆ. ಅವರು "ಒಂದು ಕಡೇ ಓದು ಮಾಡ್ಬುಡವಾ," ಅಂದರು. "ಈ ಮಗೀದೇ ಲೇಖ್ನ. ಇವಳೂರಲ್ಲೇ. ಆಮೇಲೆ ನಿಮ್ಮಿಷ್ಟ."

ಅವಳು ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮೆಷಿನ್ ಬಗ್ಗೆ ಬರೆದಿದ್ದಳು. ಗೇದು ಗೇದು ಬೆರಳಿನ ಗೆರೆ ಅಳಿಸಿಹೋದ ಹೆಂಗಸರು ಅಲ್ಲಿ ನಿಂತು ಬೆರಳು ಒತ್ತಿ ಒತ್ತಿ, ಒರೆಸಿ ಒತ್ತಿ, ಕಡೆಗೆ ಬರಿಗೈಯಲ್ಲಿ ಮನೆಗೆ ಬರುವುದು. ಯಂತ್ರ ಮನುಷ್ಯರನ್ನು ಎಲ್ಲರ ಮುಂದೆ ಅವಮಾನ ಮಾಡುತ್ತದೆ, ಅದೇ ಅದರ ರಾಜಕೀಯ ಅಂತ ಅವಳ ವಾದ. ಚೆನ್ನಾಗಿ ಬರೆದಿದ್ದಳು. ಅವರ ಮನೆಯ ಜಗಲಿಯ ಮುಂದೆ ಚಾಪೆ ಹಾಸಿ ಅಕ್ಕಪಕ್ಕದವರನ್ನು ಕೂರಿಸಿದೆವು. ಮೇಷ್ಟ್ರು ಎಂದಿಗಿಂತ ನಿಧಾನವಾಗಿ ಓದಿದರು. ಮುಗಿಯುವುದೇ ತಡ, ಅವಳ ಅವ್ವ ಕಂಬದ ಪಕ್ಕದಿಂದ ಶುರು ಹಚ್ಚಿಕೊಂಡರು.

"ಅವ್ಮಾನವಂತೆ ಅವ್ಮಾನ! ಯಾರ್ಗವ್ವಾ ಅವ್ಮಾನ? ಅಕ್ಕಿ ಕೊಡ್ದಿದ್ರೆ ನಂಗೆ ಅವ್ಮಾನ ಆಗಕಿಲ್ಲ, ಸಿಟ್ ಬತ್ತದೆ. ಮುಂಚೆ ಅಂಗ್ಡಿಯೋನು ಇಲ್ಲ ಅಂದ್ರೆ ಬಾಗ್ಲಲ್ಲೇ ನಿಂತ್ಕಂಡು ಅವನ್ ವಂಸನೆಲ್ಲ ಜಾಲಾಡ್ಬುಡ್ತಿದ್ದೆ. ತಡ್ಕನಾರ್ದೆ ಕೊಟ್ಟು ಕಳುಸ್ತಿದ್ದ. ಈಗ ಮೆಸಿನ್ನು ಇಲ್ಲ ಅಂತದೆ. ಅವ್ನು ನಂದೇನಿಲ್ಲ ಕಣಮ್ಮ ಅಂತ ನಗ್ತಾ ಕುಂತವ್ನೆ. ನಾನ್ ಯಾರ್ಗ್ ಬೈಲಿ? ಅದ್ಕೆ ಬೈಯಕ್ ಆದದಾ? ಬೈಯಕ್ಕಾದ್ರೂ ಒಬ್ ಮನ್ಸ ಬೇಕಲ್ವಾ?"

ಚಾಪೆಯ ತುಂಬ ನಗು. ಹಲಗೂರಿನವಳು ಕೆಂಪಗಾಗಿ, "ಸುಮ್ನಿರವ್ವಾ," ಅಂದಳು. ಮೇಷ್ಟ್ರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನಾನು ಬರೆದುಕೊಳ್ಳುತ್ತಾ ಕೂತಿದ್ದೆ. ನಾವು ಇಷ್ಟು ವರ್ಷ ಪತ್ರಿಕೆ ಮಾಡಿ ಹುಡುಕುತ್ತಿದ್ದದ್ದು ಇದನ್ನೇ ಅಲ್ಲವೇ ಅನ್ನಿಸಿತು.

ಅವಳೂ ದಡ್ಡಿಯಲ್ಲ. ಮನೆಗೆ ಹೋಗಿ ಮತ್ತೆ ಬರೆದಳು. ಅವಮಾನದ ವಾದವನ್ನು ಹಿಂದಕ್ಕೆ ಸರಿಸಿ, ಬೈಯಲು ಮನುಷ್ಯನೇ ಇಲ್ಲದ ಆಡಳಿತ ಅಂತ ಹೊಸದಾಗಿ ಕಟ್ಟಿದಳು. ಕೆಳಗೆ ಅವ್ವನ ಮಾತನ್ನು ಹಾಗೆಹಾಗೇ ಇಟ್ಟಳು. ನಮ್ಮಲ್ಲಿ ಸಹಾಯಕ ಸಂಪಾದಕಿಯಾಗಿದ್ದಳು; ಹಾಗೇ ಉಳಿದರೆ ತನ್ನ ಲೇಖನ ತಾನೇ ಹಾಕಿಕೊಂಡಂತೆ ಆಗುತ್ತದೆ ಅಂತ ಆ ಸ್ಥಾನವನ್ನೂ ಬಿಟ್ಟಳು. ಇಂಗ್ಲಿಷಿಗೆ ಮಾಡಿ, ಹೆಸರು ತೆಗೆದು, ದೂರದ ಇಬ್ಬರು ಪರಿಶೀಲಕರಿಗೆ ಕಳುಹಿಸಿದೆವು. ಆ ವೇಳೆಗೆ ಪತ್ರಿಕೆ ಪಟ್ಟಿಗೆ ಹತ್ತಿತ್ತು. ಹತ್ತಿದ್ದೇ ತಡ, ಎಲ್ಲೆಲ್ಲಿಂದಲೋ ಲೇಖನಗಳು ಸುರಿಯತೊಡಗಿದವು. ಒಂದು ಹಳ್ಳಿಯ ಬಸ್ಸೂ ಹತ್ತದವರು ಡಿಜಿಟಲ್ ಗ್ರಾಮ ಅಂತ ಬರೆದು, ಬೇಗ ಹಾಕಿ, ಇಂಟರ್‌ವ್ಯೂ ಇದೆ ಅಂತ ಫೋನು ಮಾಡುವುದು. ಫೋನ್ ಕುಕ್ಕುತ್ತಿದ್ದೆ. ತಲೆ ಕೆಟ್ಟು ಹೋಗಿತ್ತು.

ಪರಿಶೀಲಕರ ಅಭಿಪ್ರಾಯ ಬಂತು. ಒಬ್ಬರು ಸರಿ ಅಂದಿದ್ದರು. ಇನ್ನೊಬ್ಬರು, ಲೇಖನ ಒಪ್ಪಬಹುದು, ಆದರೆ ಕೊನೆಯ ಭಾಗದಲ್ಲಿರುವ ಒಬ್ಬ ಹೆಂಗಸಿನ ಮಾತು ವಿದ್ವತ್ತಿನ ಬರಹಕ್ಕೆ ತಕ್ಕುದಲ್ಲ, ಅದಕ್ಕೆ ಪುರಾವೆ ಇಲ್ಲ, ಅದನ್ನೂ ಅದರ ಮೇಲೆ ಕಟ್ಟಿದ ವಾದವನ್ನೂ ತೆಗೆದು ಮೊದಲಿನ ಅವಮಾನದ ವಾದವನ್ನೇ ಬಲಪಡಿಸಬೇಕು ಅಂದಿದ್ದರು. ತೆಗೆಯದಿದ್ದರೆ ಒಪ್ಪಲಾಗದು.

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಬೈದದ್ದು ಗೋಡೆಗೆ. ಅವರ ಹೆಸರು ನನಗೆ ಗೊತ್ತಿರಲಿಲ್ಲ. ಪರಿಶೀಲಕರನ್ನು ಆರಿಸುವ ಕೆಲಸ ಮಂಡಳಿಯ ಇನ್ನೊಬ್ಬರದು, ನಾವೇ ಮಾಡಿಕೊಂಡ ನಿಯಮ.

ಮೂವರೂ ಮದ್ದೂರಿನಲ್ಲಿ ಸೇರಿದೆವು. ನೇಮಕಾತಿ ಹತ್ತಿರದಲ್ಲೇ ಇದೆ ಅಂತ ಎಲ್ಲೆಡೆ ಗುಸುಗುಸು. ಬೇರೆ ಪರಿಶೀಲಕರಿಗೆ ಕಳುಹಿಸಿದರೆ ಈ ಸಂಚಿಕೆ ತಪ್ಪುತ್ತದೆ. ಅವಳು ನನ್ನ ಮುಖ ನೋಡಿದಳು, ನಾನು ಮೇಷ್ಟ್ರ ಮುಖ ನೋಡಿದೆ. ಅವರು ಮಾಡಿದ ಕಟ್ಟುಪಾಡು, ಅವರೇ ತೆಗೆಯುವುದು ಬೇಡ ಅನ್ನಲಿ ಅಂತ ಒಳಗೊಳಗೇ ಕಾಯುತ್ತಿದ್ದೆ. ಮೇಷ್ಟ್ರು ಕಾಫಿ ಲೋಟ ಮಗುಚಿಟ್ಟು ಹೇಳಿದರು: "ತೆಗ್ದುಬುಡಿ. ಮಾತು ಎಲ್ಗೂ ಓಡೋಗಕಿಲ್ಲ. ಮೊದ್ಲು ಈ ಮಗೀಗೆ ಒಂದು ಕೆಲ್ಸ ಆಗ್ಲಿ."

ತೆಗೆದೆವು. ಲೇಖನ ಬಂತು. ಅವಳು ಮದ್ದೂರಿನ ಹೋಟೆಲಿನಲ್ಲಿ ಅವತ್ತು ನಮಗೆಲ್ಲ ಜಾಮೂನು ಕೊಡಿಸಿದಳು.

ಆಮೇಲಿನದು ಹೇಳಲೂ ಬೇಸರ. ನೇಮಕಾತಿ ಇವತ್ತು ನಾಳೆ ಅಂತ ಮುಂದಕ್ಕೆ ಹೋಗುತ್ತಲೇ ಇತ್ತು. ಅದಾಗುವ ಮುಂಚೆ ಪಟ್ಟಿಯನ್ನೇ ಕೈಬಿಟ್ಟರು. ಪಟ್ಟಿ ಮಾಡಿದವರೇ, ಇನ್ನು ಮುಂದೆ ಅದರ ಅಗತ್ಯ ಇಲ್ಲ, ಆಯಾ ಸಂಸ್ಥೆಗಳೇ ನೋಡಿಕೊಳ್ಳಲಿ ಅಂತ ತೀರ್ಮಾನಿಸಿದರು. ಪೇಪರಿನಲ್ಲಿ ಆ ಸುದ್ದಿ ಓದಿದೆ; ನಾವು ಪಟ್ಟಿ ಹತ್ತಿದ್ದಕ್ಕೆ ಬೆಲೆಯೇ ಇಲ್ಲದಂತಾಯಿತು. ಆ ವರ್ಷವೇ ಮಳವಳ್ಳಿಯಲ್ಲಿ ಅವಳಿಗೆ ಪಾಠದ ಅವಧಿಗಳಿಲ್ಲ ಅಂದರು. ಯಾರೂ ಅವಳನ್ನು ಹೋಗು ಅನ್ನಲಿಲ್ಲ. ವೇಳಾಪಟ್ಟಿಯಲ್ಲಿ ಹೆಸರು ಇರಲಿಲ್ಲ, ಅಷ್ಟೆ. ಈಗ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಾಳೆ. ಅವ್ವ ಇನ್ನೂ ಕೂಲಿಗೆ ಹೋಗುತ್ತಾರೆ.

ನಾನು ಸಂಪಾದಕತ್ವ ಬಿಟ್ಟೆ. ಮಂಡಳಿಯವರು ಇಷ್ಟು ಬೆಳೆದ ಪತ್ರಿಕೆಯನ್ನು ನಿಲ್ಲಿಸಬಾರದು ಅಂದರು. ಅವರ ಊರಿಗೇ ಒಯ್ದರು.

ಇತ್ತೀಚೆಗೆ ಒಂದು ದಿನ ಮೇಷ್ಟ್ರು ಫೋನ್ ಮಾಡಿದರು. ಗಂಟಲು ಮೊದಲಿನ ಹಾಗಿಲ್ಲ, ನಡುವೆ ನಡುವೆ ಒಡೆಯುತ್ತದೆ. "ಆ ಲೇಖ್ನ ಅಚ್ಚಾದ್ ಮ್ಯಾಲೆ ಆ ಊರಲ್ಲಿ ಓದ್ನೇ ಇಲ್ಲ ಕಣ್ರೀ. ಓಗ್ಬರವಾ." ಯಾಕೆ ಮೇಷ್ಟ್ರೇ ಈಗ, ಗಾಯ ಕೆರೆಯೋಕಾ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಭಾನುವಾರ ಹೋದೆವು. ಹಲಗೂರಿನಲ್ಲಿ ಬಸ್ಸಿಳಿದು ಆಟೋ ಹಿಡಿದೆವು. ಅವಳು ಶಾಲೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದವಳು ಎದ್ದು ಬಂದಳು. ಅದೇ ಜಗಲಿ, ಅದೇ ಚಾಪೆ. ಜನ ಮಾತ್ರ ಅವ್ವ ಒಬ್ಬರೇ. ಪಕ್ಕದವರಿಗೆ ಹೇಳಿಕಳುಹಿಸಲು ನಮಗೇ ಮುಖ ಇರಲಿಲ್ಲ.

ಲೇಖನ ಇಂಗ್ಲಿಷಿನಲ್ಲಿತ್ತು. ಮೇಷ್ಟ್ರು ಒಂದೊಂದು ಸಾಲು ಓದಿದರೆ ಅವಳು ಒಂದೊಂದು ಸಾಲು ಕನ್ನಡ ಮಾಡಿ ಅವ್ವನಿಗೆ ಹೇಳುತ್ತಿದ್ದಳು. ತಾನೇ ಬರೆದದ್ದಕ್ಕೆ ತಾನೇ ಮಾತು ಹುಡುಕಿ ತಡವರಿಸುತ್ತಿದ್ದಳು. ಅವ್ವ ಅವರೆಕಾಯಿ ಸುಲಿಯುತ್ತಾ ಕೇಳಿದರು. ಮುಗಿಯಿತು ಅಂದಾಗ ತಲೆ ಎತ್ತಿದರು.

"ಸಂದಾಗದೆ. ಆದ್ರೆ ನಾನ್ಯೋಳಿದ್ದು ಬರ್ನೇ ಇಲ್ವಲ್ಲ ಮಗಾ?"

"ಅದ್ನ ತೆಗ್ದ್ರೇನೇ ಹಾಕೋದು ಅಂದ್ರು ಕಣವ್ವ. ಕೆಲ್ಸ ಆಯ್ತದೆ ಅಂತ ತೆಗ್ದೊ."

"ಯಾರ್ ಅಂದೋರು?"

"ಗೊತ್ತಿಲ್ಲ. ಅವ್ರ್ ಎಸ್ರು ನಮ್ಗೆ ಯೋಳಕಿಲ್ಲ."

"ಪಟ್ಟಿ ತೆಗ್ದೋರು?"

"ಅದೂ ಗೊತ್ತಿಲ್ಲ ಕಣವ್ವ."

ಅವ್ವ ಒಂದು ಕಾಯಿ ಬಿಡಿಸಿ ಕಾಳು ಮೊರಕ್ಕೆ ಹಾಕಿದರು. ನನಗೆ ತಡೆಯಲಾಗಲಿಲ್ಲ. "ನನಗೆ ಬೈಯಿ ಕಣವ್ವ," ಅಂದೆ. "ಸಂಪಾದಕಿ ನಾನು. ತೆಗೆದವಳು ನಾನೇ. ಇಲ್ಲೇ ಕೂತಿದೀನಲ್ಲ, ಬೈಯಿ." ನಿಜವಾಗಿಯೂ ಬೇಕಾಗಿತ್ತು ನನಗೆ. ಆ ಅಂಗಡಿಯವನಿಗೆ ಬೈಯುತ್ತಿದ್ದರಲ್ಲ, ಹಾಗೆ, ನನ್ನ ವಂಶವನ್ನೆಲ್ಲ ಜಾಲಾಡಲಿ ಅಂತಲೇ ಕಾದಿದ್ದೆ. ಮೇಷ್ಟ್ರೂ ತಲೆ ಬಗ್ಗಿಸಿ ಕಾಯುತ್ತಿದ್ದರು.

ಅವರು ನನ್ನನ್ನು ನೋಡಿದರು. ಆ ಬಾಯಿ ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ನೀವೇನ್ ಮಾಡೀರಿ ಬುಡಿ ಮೇಡಮ್ಮೋರೆ," ಅಂದರು. "ನಿಮ್ದೇನದೆ ಅದ್ರಲ್ಲಿ."

ಅಂಗಡಿಯವನು ನಗುತ್ತಾ ಹೇಳುತ್ತಿದ್ದ ಮಾತೂ ಅದೇ, ತನ್ನದೇನಿಲ್ಲ ಅಂತ. ನನ್ನ ಪರವಾಗಿ ಅದನ್ನು ಅವ್ವನೇ ಹೇಳಿದರು. ಸುಲಿದ ಕಾಳನ್ನು ಒಂದು ಕವರಿಗೆ ತುಂಬಿ ನನ್ನ ಮಡಿಲಿಗೆ ಇಟ್ಟು, ಕಾಫಿ ಕುಡಿದೇ ಹೋಗಬೇಕು ಅಂತ ಒಳಗೆ ಹೋದರು. ಕುಡಿದೆವು. ನಾವು ಆಟೋ ಹತ್ತುವವರೆಗೂ ಅವರು ಒಂದು ಮಾತೂ ಬೈಯಲಿಲ್ಲ.